ದೇವರ ಹೋರಿಯ ಪುಟ

ನನಗೆ ಕೋಪ ಮೂಗಿನ ತುದಿಯಲ್ಲೇ. ಅಣ್ಣನಿಗೂ ಹಾಗೆಯೇ. ಚಿಕ್ಕಂದಿನಲ್ಲಿ ಒಬ್ಬರ ಕೂದಲನ್ನೊಬ್ಬರು ಕಿತ್ತುಕೊಂಡೇ ಬೆಳೆದವರು ನಾವು. ಆದರೆ ನಮ್ಮಿಬ್ಬರ ನಡುವೆ ರಕ್ತ ಹರಿದದ್ದು ಒಮ್ಮೆ ಮಾತ್ರ, ನಾನು ಇಂಟರ್ನೆಟ್ಟಿನಲ್ಲಿ ಸಂಪಾದನೆಗೆ ಹೊರಟ ವರ್ಷ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ತಮಿಳುನಾಡಿನ ಕಂಬಂನ ಮನೆಯಲ್ಲಿ ಕೂತು ಮದರಾಸಿನ ವಾರಪತ್ರಿಕೆಗಳಿಗೆ ಲೇಖನ ಬರೆದು ಕಳಿಸುತ್ತಿದ್ದೆ. ಮನೆಮಾತು ಕನ್ನಡ, ಬರೆದು ಹೊಟ್ಟೆ ಹೊರೆಯುವುದು ತಮಿಳಿನಲ್ಲಿ. ಸಂಪಾದಕರು ಅರ್ಧ ಕತ್ತರಿಸಿ ಅಚ್ಚು ಹಾಕುತ್ತಿದ್ದರು, ಕೆಲವು ಸಲ ನನ್ನ ಹೆಸರನ್ನೂ ಕತ್ತರಿಸುತ್ತಿದ್ದರು. ಮೈ ಉರಿಯುತ್ತಿತ್ತು. ನನ್ನಂತೆಯೇ ಬರೆಯುತ್ತಿದ್ದ ದಿಂಡಿಗಲ್ಲಿನ ಗೆಳತಿ ದಾರಿ ತೋರಿಸಿದಳು: ನಿನ್ನದೇ ವೆಬ್‌ಸೈಟ್ ಮಾಡು, ಅದರ ಮೇಲೆ ಜಾಹೀರಾತು ಅಂಟಿಸು, ಆಮೇಲೆ ನೀನು ಮಲಗಿದ್ದರೂ ದುಡ್ಡು ಬರುತ್ತದೆ. ಮಲಗಿದ್ದರೂ ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ತೇನಿಯ ಬ್ರೌಸಿಂಗ್ ಸೆಂಟರಿಗೆ ಬಸ್ಸು ಹತ್ತಿದೆ. ಮೊದಲು ಮನೆಮದ್ದಿನ ಬಗ್ಗೆ ಬರೆದೆ, ನಾಯಿಯೂ ಮೂಸಲಿಲ್ಲ. ಆಮೇಲೆ ನಮ್ಮವರ ದೇವರ ದನಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದೆ. ಆ ಮಂದೆಯನ್ನು ಯಾರೂ ಉಳುಮೆಗೆ ಹೂಡುವುದಿಲ್ಲ, ಮೂಗುದಾರ ಹಾಕುವುದಿಲ್ಲ, ಹಾಲು ಕರೆಯುವುದಿಲ್ಲ. ಕರು ಕುಡಿದು ಉಳಿದದ್ದು ಕೆಚ್ಚಲಿನಲ್ಲೇ ಇರಬೇಕು. ಮಂದೆಯ ಮುಂದೆ ಒಂದು ಪಟ್ಟದ ಹೋರಿ. ಅದನ್ನು ನೋಡಿಕೊಳ್ಳುತ್ತಿದ್ದವನು ಅಣ್ಣ. ಅಪ್ಪ ಮಾಡುತ್ತಿದ್ದ ಸೇವೆ, ಅಪ್ಪ ಹೋದಮೇಲೆ ಇವನಿಗೆ ಬಂದಿತ್ತು. ಅವನಿಗೆ ಹೆಂಡತಿ ಮಕ್ಕಳಿಲ್ಲ, ಹೋರಿಯೇ ಎಲ್ಲ. ಅದರ ಕತೆಯನ್ನೆಲ್ಲ ನನಗೆ ಹೇಳಿದವನೂ ಅವನೇ. ಏನಕ್ಕೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪುಟವನ್ನು ಎಲ್ಲೆಲ್ಲಿಯವರೋ ನೋಡಿದರು. ಒಂದು ದಿನ ಅಮೆರಿಕದಿಂದ ಚೆಕ್ಕು ಬಂತು. ನಾನು ಹಿಗ್ಗಿ ಹೀರೇಕಾಯಾಗಿ ಅಕ್ಕಪಕ್ಕದವರಿಗೆಲ್ಲ ತೋರಿಸಿದೆ, ಹೋರಿಯ ಪುಟದಿಂದ ಬಂದದ್ದು ಎಂದೂ ಹೇಳಿದೆ. ಎಂಥ ದಡ್ಡಿ ನಾನು.

ಮಧ್ಯಾಹ್ನ ಅಡಿಗೆಮನೆಯಲ್ಲಿ ಈಳಿಗೆ ಮಣೆಯ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತಿದ್ದೆ. ಅಣ್ಣ ಚಪ್ಪಲಿ ಕಾಲಿನಲ್ಲೇ ಒಳಗೆ ಬಂದ. ಕೈಯಲ್ಲಿ ದನ ಕಾಯುವ ಕೋಲು.

"ಆ ಹಾಲ ಕರು ಬಿಟ್ರೆ ಯಾರೂ ಮುಟ್ಟಲ್ಲ. ನೀ ಕರ್ದು ಮಾರ್ಬುಟ್ಟೆ," ಎಂದ.

ಹಾಲಲ್ಲ ಅಣ್ಣಾ, ಬರೀ ಬರಹ ಎನ್ನುವಷ್ಟರಲ್ಲಿ ಮೊದಲ ಏಟು ಬಿತ್ತು. ಬೆನ್ನಿಗೆ, ತೋಳಿಗೆ, ತಡೆಯಲು ಚಾಚಿದ ಎಡಗೈಗೆ. ಬೆರಳು ಮುರಿದದ್ದು ನನಗೇ ಕೇಳಿಸಿತು. ನೋವಿಗಿಂತ ಮೊದಲು ಸಿಟ್ಟು ಬಂತು. ನಾನು ಬರೆದದ್ದಕ್ಕೆ ನನ್ನ ಕೈ ಮುರಿಯಲು ಇವನ್ಯಾರು? ಬಲಗೈಯಿಂದ ಈಳಿಗೆ ಮಣೆಯನ್ನೇ ಎತ್ತಿ ಬೀಸಿದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಅವನ ತೋಳು ಸೀಳಿತು. ಮತ್ತೆ ಬೀಸಿದೆ, ಎರಡನೆಯದು ಬಾಗಿಲಿಗೆ ತಗುಲಿತು. ತಗುಲದೆ ಹೋಗಿದ್ದರೆ ಕುತ್ತಿಗೆಗೇ ಬೀಳುತ್ತಿತ್ತು. ಅದನ್ನು ನಾನು ಇವತ್ತಿಗೂ ಸುಳ್ಳೆನ್ನಲಾರೆ.

ನೆಲವೆಲ್ಲ ರಕ್ತ. ಅಣ್ಣನೇ ನನ್ನ ಸೆರಗು ಹರಿದು ತೋಳಿಗೆ ಸುತ್ತಿಕೊಂಡ, ನನ್ನನ್ನೂ ಎಬ್ಬಿಸಿಕೊಂಡು ಆಸ್ಪತ್ರೆಗೆ ನಡೆದ. ಕತ್ತಿಯ ಗಾಯವೆಂದರೆ ಡಾಕ್ಟರು ಪೊಲೀಸರಿಗೆ ಬರೆಯಬೇಕು. ಅವರು ಬಾಯಿ ತೆರೆಯುವ ಮೊದಲೇ ಅಣ್ಣ ತಮಿಳಿನಲ್ಲಿ ಹೇಳಿಬಿಟ್ಟ: ಪಟ್ಟದ ಹೋರಿ ಹಾಯಿತು, ಬಿಡಿಸಲು ಬಂದ ತಂಗಿಯ ಕೈಗೂ ಪೆಟ್ಟಾಯಿತು. ಡಾಕ್ಟರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಆ ಹೊತ್ತಿಗೆ ಅದು ಒಂದು ಸಣ್ಣ ಸುಳ್ಳು.

ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಹಿರಿಯರು ದೊಡ್ಡಿಯಲ್ಲಿ ಸೇರಿದರು. ಮಕ್ಕಳು, ಬಸುರಿಯರು ಮುಟ್ಟಿ ನಮಸ್ಕರಿಸುವ ಹೋರಿ ಅದು; ಕಾಯುವವನ ರಕ್ತವನ್ನೇ ಕಂಡಮೇಲೆ ಕಟ್ಟಿಲ್ಲದೆ ತಿರುಗಬಾರದು ಎಂದರು. ಮೂಗುದಾರ ಹಾಕಿ ಗೂಟಕ್ಕೆ ಕಟ್ಟುವುದು, ಪಟ್ಟ ಬೇರೆ ಹೋರಿಗೆ. ಅಣ್ಣ ಕೇಳಿಸಿಕೊಂಡು ಎದ್ದ. ಮನೆಗೆ ಬಂದು ಎರಡು ದಿನ ಅನ್ನ ಮುಟ್ಟಲಿಲ್ಲ. ನಿಜ ಹೇಳಿಬಿಡು ಎಂದು ಕಾಲು ಹಿಡಿದೆ. ನಿನ್ನನ್ನು ಜೈಲಿಗೆ ಕಳಿಸಿ ನಾನು ಹೋರಿಗೆ ಹುಲ್ಲು ಹಾಕಲೇ ಎಂದು ಕೇಳಿ ಗೋಡೆಯ ಕಡೆ ತಿರುಗಿಕೊಂಡ.

ಮೂರನೆಯ ದಿನ ಬೆಳಿಗ್ಗೆ ಆರು ಜನ ಹಗ್ಗ ಹಿಡಿದು ಬಂದರು. ಹೋರಿಗೆ ಹಗ್ಗವೆಂದರೆ ಏನೆಂದೇ ಗೊತ್ತಿಲ್ಲ. ಕಾಲಿಗೆ ಬಿಗಿದು ಎಳೆದಾಗ ಒಬ್ಬನನ್ನು ಬೇಲಿಗೆ ಎಸೆಯಿತು, ಇನ್ನೊಬ್ಬನ ತೊಡೆ ತುಳಿಯಿತು. ನೋಡಿದಿರಾ, ಹಾಯುವ ಹೋರಿಯೇ ಎಂದರು ಜನ. ಕೊನೆಗೆ ಮಗ್ಗುಲಿಗೆ ಕೆಡವಿ ಕತ್ತಿನ ಮೇಲೆ ಮಂಡಿಯೂರಿದರು. ಬಾಯಿಂದ ನೊರೆ, ಕಣ್ಣು ಮಾತ್ರ ಅಣ್ಣನನ್ನೇ ಹುಡುಕುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಹೆಂಗಸರ ಸಾಲಿನಿಂದ ಮುಂದೆ ಬಂದು ಹೇಳಿದೆ.

"ಹೋರಿ ಅಲ್ಲ. ಕಡಿದದ್ದು ನಾನು."

ಮೂಗು ಚುಚ್ಚಲು ದಬ್ಬಳ ಹಿಡಿದವನ ಕೈ ನಿಂತಿತು. ಎಲ್ಲರೂ ಅಣ್ಣನ ಕಡೆ ನೋಡಿದರು. ಅವನು ನನ್ನ ಮುರಿದ ಕೈಯ ಕಟ್ಟನ್ನು ನೋಡಿದ, ಆಮೇಲೆ ಹೋರಿಯನ್ನು.

"ಸುಳ್ಳಾಡ್ತಾಳೆ. ಕತೆ ಕಟ್ಟೋದೇ ಇವಳ್ ಕೆಲ್ಸ," ಎಂದ.

ಮುಂದೆ ಹೋಗಿ ದಬ್ಬಳ ಕಿತ್ತುಕೊಂಡು ಅವನೇ ಚುಚ್ಚಿದ. ಹೋರಿ ಒದರಿತು, ಅದರ ಜೊತೆಗೆ ಅವನೂ ಒದರಿದ. ಹೊಲಿಗೆ ಬಿಟ್ಟು ಅವನ ತೋಳಿನ ರಕ್ತ ಅದರ ಮೂಗಿನ ರಕ್ತದ ಮೇಲೆ ಸುರಿಯಿತು. ಹಗ್ಗ ಪೋಣಿಸಿ ಗಂಟು ಹಾಕುವಾಗಲೂ ಬೇರೆ ಯಾರಿಗೂ ಮುಟ್ಟಗೊಡಲಿಲ್ಲ.

ನಾನು ತೇನಿಗೆ ಹೋಗಿ ಪುಟ ಅಳಿಸಿ ಬಂದೆ. ಅಣ್ಣ ಮತ್ತೆ ದೊಡ್ಡಿಗೆ ಹೋಗಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ಗಾಯ ಮಾಯ್ದಮೇಲೆ ಹಿರಿಯರೇ ಬಂದು ಕರೆದರು. ಅವನ ತೋಳು ಇನ್ನೂ ಸರಿಹೋಗಿಲ್ಲ ಎಂದು ಬಾಗಿಲಲ್ಲಿ ನಿಂತು ಹೇಳಿ ಕಳಿಸಿದವಳು ನಾನು.