ಬಾಡಿಗೆ ಪೆಟ್ಟಿಗೆಯಲ್ಲಿ ಮಾವನ ಕವಳ

ಒಂಬತ್ತು ದಿನಗಳಲ್ಲಿ ಹದಿನಾಲ್ಕು ಸಲ ಕರೆಂಟು ಹೋಯಿತು ಎಂದು ನನ್ನ ಡೈರಿಯಲ್ಲಿದೆ. ಹದಿನೈದನೆಯದನ್ನು ಮಾವ ಒಪ್ಪಲಿಲ್ಲ. ಅದು ಅತ್ತೆ ಮಿಕ್ಸರ್ ಹಾಕಿದಾಗ ಫ್ಯೂಸು ಹಾರಿದ್ದು, ಲೆಕ್ಕಕ್ಕೆ ಬರುವುದಿಲ್ಲ ಎಂದರು.

ನನ್ನ ಕೆಲಸ ಶಿರಸಿಯಲ್ಲಿ, ವಾಸ ಎಕ್ಕಂಬಿಯ ಸೋದರಮಾವನ ಮನೆಯಲ್ಲಿ. ಕರೆಂಟಿನ ಲೆಕ್ಕ ಇಡುವಂತಾದದ್ದು ಅಜ್ಜನಿಂದ. ಮಾವನ ಅಪ್ಪ, ಅಂದರೆ ನನ್ನ ಅಜ್ಜ, ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದರು. ಅವರ ಧ್ವನಿ ಉಳಿದಿದ್ದು ಒಂದೇ ಕ್ಯಾಸೆಟ್ಟಿನಲ್ಲಿ. ವಜ್ರಳ್ಳಿಯ ಮನೆಯೊಂದರಲ್ಲಿ ನಡೆದ ಪ್ರಸಂಗದ ಮೊದಲರ್ಧ ಅದು. ಸಂಧಾನಕ್ಕೆ ಬಂದ ದೂತನಾಗಿ ಅಜ್ಜ ರಾಜಸಭೆಯ ಬಾಗಿಲಿಗೆ ಬರುತ್ತಾರೆ. ಅಷ್ಟರಲ್ಲಿ ಟೇಪು ಮುಗಿಯುತ್ತದೆ. ನಮ್ಮ ಪಾಲಿಗೆ ಅವರು ಇನ್ನೂ ಬಾಗಿಲಲ್ಲೇ ನಿಂತಿದ್ದರು.

ಉಳಿದರ್ಧ ನನಗೆ ಕಂಡದ್ದು ಹಳೆಯ ಧ್ವನಿಮುದ್ರಣಗಳನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ಒಂದು ಖಾಸಗಿ ಬಳಗದ ಪಟ್ಟಿಯಲ್ಲಿ. ಇಟ್ಟುಕೊಂಡವರು ಸಿದ್ದಾಪುರದ ಕಡೆಯವರು. ಬಳಗದ ನಿಯಮ ನಮ್ಮಲ್ಲಿ ಆಳಿಗೆ ಆಳು ಕೊಡುವ ಮುಯ್ಯಾಳಿನ ಹಾಗೆ: ಹೊಸಬರು ಮೊದಲು ತಮ್ಮದನ್ನು ಕೊಡಬೇಕು. ಒಂದು ತಿಂಗಳೊಳಗೆ, ಕ್ಯಾಸೆಟ್ಟಿನಿಂದ ಇಳಿಸಿದ ನಮ್ಮ ಫೈಲು ಹತ್ತು ಜನರಿಗೆ ಪೂರ್ತಿ ತಲುಪಿದರೆ ಮಾತ್ರ ನಾವು ಕೇಳಬಹುದು. ಅದಕ್ಕೆ ನಮ್ಮ ಕಂಪ್ಯೂಟರು ಸದಾ ಚಾಲೂ ಇರಬೇಕು. ನಮ್ಮದೋ ಹದಿನಾಲ್ಕು ಸಲ ಆರಿತ್ತು.

ಇದಕ್ಕೆ ಇರುವ ಉಪಾಯದ ಹೆಸರು ಸೀಡ್‌ಬಾಕ್ಸ್. ಕರೆಂಟು ಹೋಗದ ಯಾವುದೋ ದೇಶದ ಕಂಪ್ಯೂಟರಿನಲ್ಲಿ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿಯುವುದು. ನಮ್ಮ ಫೈಲು ಅಲ್ಲಿ ಕೂತು, ಕೇಳಿದವರಿಗೆಲ್ಲ ಸಿಗುತ್ತಿರುತ್ತದೆ.

“ಬಾಡಿಗೆ ಎಂತಕ್ಕೆ ಕೂಸೇ? ಯಮ್ಮನೆ ಅಟ್ಟ ಖಾಲಿ ಇದ್ದಲ,” ಎಂದರು ಮಾವ.

“ಅಟ್ಟದಲ್ಲಿ ಕರೆಂಟು ಇರ್ತಿಲ್ಲೆ ಮಾವ.”

“ಹಂಗಾರೆ ದೊಡ್ಡದೇ ತಗ. ಅಪ್ಪಯ್ಯಂಗೆ ಇಕ್ಕಟ್ಟು ಅಪ್ಪಲಾಗ.”

ಏಳು ಸಂಜೆ, ಹನ್ನೊಂದು ಕಂಪನಿ, ಡೈರಿಯಲ್ಲಿ ನಾಲ್ಕು ಕಾಲಮ್ಮು. ಎಲ್ಲರೂ ಕೊಚ್ಚಿಕೊಂಡಿದ್ದು ಜಾಗದ ಬಗ್ಗೆ. ಅಜ್ಜನ ಅರ್ಥಕ್ಕೆ ಅದರ ಒಂದು ಚೂರು ಸಾಕಿತ್ತು. ತಿಂಗಳಿಗೆ ಎಷ್ಟು ಹೊರಗೆ ಕಳಿಸಬಹುದು ಎಂಬ ಮಿತಿ ಮಾತ್ರ ಸಣ್ಣಕ್ಷರದಲ್ಲಿತ್ತು. ವರ್ಷಕ್ಕೆ ಹಿಡಿದರೆ ಅಗ್ಗ ಹೌದು, ಆದರೆ ನಮಗೆ ಬೇಕಾದದ್ದು ಒಂದು ತಿಂಗಳು. ಕೊನೆಗೆ ಖಾಸಗಿ ಬಳಗಕ್ಕೆ ತಕರಾರು ಮಾಡದ, ಎಲ್ಲಕ್ಕಿಂತ ಸಣ್ಣದನ್ನು ಹಿಡಿದೆ. ಬಾಡಿಗೆ ನನ್ನ ಮೊಬೈಲ್ ರೀಚಾರ್ಜಿಗಿಂತ ತುಸು ಹೆಚ್ಚು.

“ನಿನ್ನ ಮಾವ ಯನ್ನ ನೋಡಲೆ ಬಂದಾಗ್ಲೂ ಇಷ್ಟು ಲೆಕ್ಕ ಹಾಕಿದ್ವಿಲ್ಲೆ,” ಎಂದರು ಅತ್ತೆ.

ಬಾಡಿಗೆ ಪೆಟ್ಟಿಗೆ ಹಿಡಿದ ಎರಡು ವಾರದಲ್ಲಿ ಆರು ಜನರಿಗೆ ತಲುಪಿತು. ಆಗ ಮಾವ ಒಂದು ಬೇಡಿಕೆ ಇಟ್ಟರು. ಟೇಪಿನ ಕೊನೆಯ ಭಾಗದಲ್ಲಿ, ಅಜ್ಜ ಬಾಗಿಲಿಗೆ ಬರುವ ಹೊತ್ತಿಗೆ, ಯಾರೋ ಹುಡುಗ “ಕವಳದ ಬಟ್ಟಲು ಈ ಬದಿಗೂ ಬರ್ಲಿ!” ಎಂದು ಕೂಗುತ್ತಾನೆ. ಅಷ್ಟು ಗಂಭೀರ ಸಭೆಯಲ್ಲಿ ಎಲೆ-ಅಡಿಕೆಯ ಮಾತು ಅಸಹ್ಯ, ತೆಗೆ ಎಂದರು. ಒಂಬತ್ತು ಸೆಕೆಂಡು ಕತ್ತರಿಸಿ, ಅದೇ ಹೆಸರಿನಲ್ಲಿ ಫೈಲನ್ನು ಪೆಟ್ಟಿಗೆಯಲ್ಲಿಟ್ಟೆ.

ಮರುದಿನದಿಂದ ಒಬ್ಬರಿಗೂ ಪೂರ್ತಿ ತಲುಪಲಿಲ್ಲ. ಅರ್ಧಂಬರ್ಧ ಪಡೆದಿದ್ದ ನಾಲ್ವರೂ ಕತ್ತರಿಸಿದ ಜಾಗಕ್ಕೆ ಬಂದು ನೂರಕ್ಕೆ ತೊಂಬತ್ತೆರಡರಲ್ಲಿ ನಿಂತರು. ಬಳಗ ನೋಡಿಕೊಳ್ಳುವವರು ಬರೆದರು: “ಹೆಸರು ಒಂದೇ ಇದ್ದರೂ ಇದು ಬೇರೆ ಫೈಲು, ಹಳೆಯದಕ್ಕೆ ಜೋಡಣೆಯಾಗುವುದಿಲ್ಲ. ಮೊದಲಿನದನ್ನೇ ಇಡಿ, ಇಲ್ಲವೇ ಒಂದರಿಂದ ಎಣಿಸಿ.” ತಿಂಗಳ ಗಡುವಿಗೆ ಉಳಿದಿದ್ದು ಎಂಟು ದಿನ. ಮೂಲ ಫೈಲು ತಾರೀಕಿನ ಚೀಟಿಯೊಂದಿಗೆ ನನ್ನ ಪೆನ್‌ಡ್ರೈವಿನಲ್ಲಿತ್ತು. ಬೇಕಾಗಿದ್ದು ಮಾವನ ಒಪ್ಪಿಗೆ.

“ಆ ಕವಳದ ಮಾಣಿ ತಿರುಗಿ ಬರ್ಲೇಬೇಕಡ ಮಾವ.”

“ಬೇಡ ಹೇಳಿದ್ನಲ.”

“ಎಂತಕ್ಕೆ ಬೇಡ?” ಅತ್ತೆ ಒಳಗಿಂದಲೇ ಕೇಳಿದರು. “ಆ ಮಾಣಿ ಯಾರು ಹೇಳಿ ಕೂಸಿಗೆ.”

ಮಾವ ಗೋಡೆಯ ಗಡಿಯಾರ ನೋಡಿದರು. “ಆನೇ. ಯಂಗೆ ಆಗ ಹದಿನೇಳು. ಅಪ್ಪಯ್ಯ ಕಣ್ಣು ಬಿಟ್ಟಿದ್ದು ನೋಡಿ ಆನು ಎದ್ದು ಹೊರಗೆ ಓಡಿದ್ದಿ. ಆಮೇಲೆ ಅದರ ಸುದ್ದಿ ಅವೂ ತೆಗೆದಿದ್ವಿಲ್ಲೆ, ಆನೂ ತೆಗೆದಿದ್ನಿಲ್ಲೆ.” ಗಡಿಯಾರದಿಂದ ಕಣ್ಣು ತೆಗೆದು, “ಹಾಕು,” ಎಂದರು.

ಗಡುವಿಗೆ ಮೂರು ದಿನ ಮೊದಲೇ ಹತ್ತು ತುಂಬಿತು. ಭಾನುವಾರ ಊಟವಾದ ಮೇಲೆ ಮೂವರೂ ಜಗಲಿಯಲ್ಲಿ ಕೂತು, ಸಿದ್ದಾಪುರದವರಿಂದ ಬಂದ ಎರಡನೆಯ ಅರ್ಧವನ್ನು ಫೋನಿನಲ್ಲಿ ಹಾಕಿದೆವು. ಅಜ್ಜ ಕೊನೆಗೂ ಸಭೆಯ ಒಳಗೆ ಬಂದರು.

“ಮಹಾರಾಜ, ನಾನು ಐದು ಊರು ಕೇಳಲು ಬಂದವನು. ನಿನ್ನ ಸಭೆಯಲ್ಲಿ ನನಗಿಂತ ಮೊದಲೇ ಒಬ್ಬ ಕವಳ ಕೇಳುತ್ತಿದ್ದಾನೆ. ಮೊದಲು ಆ ಮಗುವಿಗೆ ಕೊಡಿಸು. ಕೊಡುವ ಅಭ್ಯಾಸವಾದರೂ ಆಗಲಿ ನಿನಗೆ!”

ಸಭೆ ಗೊಳ್ಳೆಂದು ನಕ್ಕಿತು. ಆ ನಗುವಿನಲ್ಲಿ ಅಜ್ಜನದೂ ಇತ್ತು.

ಮಾವ ಫೋನಿನ ಮೇಲೆ ಬೆರಳಿಟ್ಟು ಹಿಂದಕ್ಕೆ ಎಳೆದರು. ಡೈರಿಯಲ್ಲಿ ಬರೆದಂತೆ ಆ ಮಧ್ಯಾಹ್ನ ಏಳು ಸಲ. ಎಂಟನೆಯ ಸಲ ಎಳೆಯುವಷ್ಟರಲ್ಲಿ ಅತ್ತೆ ಕವಳದ ಬಟ್ಟಲು ತಂದು ಅವರ ಮುಂದೆ ಇಟ್ಟರು.

“ತಗಳಿ. ಅಪ್ಪಯ್ಯನೇ ಕೊಡ್ಸು ಹೇಳಿದ್ವಲ.”