ಶಿರ್ವ ದಾಟದ ಬೈಕು

ಕಾಪುವಿನ ಕರುಣಾಕರನಿಗೆ ಕೋಪ ಯಾವತ್ತೂ ಮೂಗಿನ ತುದಿಯಲ್ಲೇ. ಅದರಲ್ಲೂ ಇಂಜಿನ್ನು ಹೇಳಿದ ಮಾತು ಕೇಳದಿದ್ದರೆ ಮುಗಿಯಿತು, ಆ ದಿನ ಅಡಿಗೆಮನೆಯಲ್ಲಿ ಪಾತ್ರೆ ಸದ್ದಾದರೂ ಬೈಗುಳ. ಹಾಗಂತ ಕೆಲಸ ಗೊತ್ತಿಲ್ಲದವನೇನಲ್ಲ. ಮೀಸೆ ಮೂಡುವ ಮೊದಲೇ ಉಡುಪಿಯ ಗ್ಯಾರೇಜೊಂದರಲ್ಲಿ ಮೈಗೆಲ್ಲ ಗ್ರೀಸು ಮೆತ್ತಿಕೊಂಡು ಕಲಿತವನು. ಆಮೇಲೆ ಮಸ್ಕತ್ತಿಗೆ ಹೋಗಿ ದೊಡ್ಡ ವರ್ಕ್‌ಶಾಪಿನಲ್ಲಿ ಹೆಡ್ ಮೆಕ್ಯಾನಿಕ್ ಆದ. ಅಲ್ಲಿ ಕಾರಿಗೆ ವಯರು ಸಿಕ್ಕಿಸಿದರೆ ಸಾಕು, ಕಂಪ್ಯೂಟರೇ ರೋಗದ ಹೆಸರು ಹೇಳುತ್ತಿತ್ತು. ಈ ವರ್ಷ ಸಾಕಪ್ಪಾ ಆ ಮರಳು ಎಂದು ಗಂಟುಮೂಟೆ ಕಟ್ಟಿಕೊಂಡು ಊರಿಗೇ ಬಂದುಬಿಟ್ಟ.

ಬಂದವನಿಗೆ ಇದ್ದದ್ದು ಒಂದೇ ಆಸೆ. ಮದುವೆಯ ಹೊಸತರಲ್ಲಿ ಹೆಂಡತಿ ಬೇಬಿಯನ್ನು ಹಿಂದೆ ಕೂರಿಸಿಕೊಂಡು ಸುತ್ತಿದ ಬೈಕು ಹಿತ್ತಿಲ ಶೆಡ್ಡಿನಲ್ಲಿ ಹಾಗೆಯೇ ನಿಂತಿತ್ತು. ರಜೆಯಲ್ಲಿ ಬಂದಾಗಲೆಲ್ಲ ಬಾಡಿಗೆ ಕಾರಿನಲ್ಲಿ ತಿರುಗಿದ್ದೇ ಹೊರತು ಅದನ್ನು ಓಡಿಸಿರಲಿಲ್ಲ. ಈಗ ಕಾರ್ಕಳದಲ್ಲಿ ಬೇಬಿಯ ತಮ್ಮ ಪ್ರತೀಕನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಹತ್ತಿರ ಬಂದಿತ್ತು. ಅಲ್ಲಿಗೆ ಅದೇ ಬೈಕಿನಲ್ಲಿ, ಅವಳನ್ನು ಹಿಂದೆ ಕೂರಿಸಿಕೊಂಡು ಹೋಗಿ ನಾಲ್ಕು ಜನರೆದುರು ಇಳಿಯಬೇಕು! ಬೇಬಿ ಸೀಟಿನ ಹರಿದ ಕವರನ್ನು ತಾನೇ ಕೂತು ಹೊಲಿದಳು.

ಕರುಣಾಕರ ಹಳಸಿದ ಪೆಟ್ರೋಲು ಚೆಲ್ಲಿದ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದ, ಹೊಸ ಪ್ಲಗ್ಗು, ಹೊಸ ಬ್ಯಾಟರಿ ಹಾಕಿದ. ಒಂದೇ ಕಿಕ್ಕಿಗೆ ಸ್ಟಾರ್ಟ್. ಒಕ್ಕಲಿಗೆ ಮೊದಲು ಒಂದು ಸುತ್ತು ಓಡಿಸಿ ನೋಡೋಣವೆಂದು ಗಂಡ ಹೆಂಡತಿ ಇಬ್ಬರೂ ಖುಷಿಯಿಂದ ಹೊರಟರು. ಶಿರ್ವ ಪೇಟೆ ಬರುವಾಗ ಇಂಜಿನ್ನಿಗೆ ಬಿಕ್ಕಳಿಕೆ ಶುರುವಾಯಿತು. ಪಟ್, ಪಟ್, ಮತ್ತೊಂದು ಪಟ್ ಎಂದು ಬಸ್ ಸ್ಟಾಪಿನ ಎದುರೇ ನಿಂತಿತು. ಅಲ್ಲಿ ಎಡ್ವಿನ್‌ನ ಸೋಡಾ ಅಂಗಡಿ. ಸೋಡಾ ಕುಡಿದು ಮುಗಿಸುವಷ್ಟರಲ್ಲಿ ಬೈಕು ಏನೂ ಆಗದವರ ಹಾಗೆ ಮತ್ತೆ ಸ್ಟಾರ್ಟಾಯಿತು, ಮನೆಗೆ ಹೋಗುವ ದಾರಿಯಲ್ಲಿ ಮತ್ತೆ ನಿಂತಿತು.

ತಲೆ ಕೆಟ್ಟು ಹೋಯಿತು ಅವನಿಗೆ. ಕಾಯಿಲ್ ಬದಲಿಸಿದ. ಟ್ಯಾಂಕು ಕಳಚಿ ಒಳಗಿನ ತುಕ್ಕು ತೊಳೆದ. ಟ್ಯಾಂಕಿಲ್ಲದೆ ಇಂಜಿನ್ ನೋಡಬೇಕಾದರೆ ಮೆಕ್ಯಾನಿಕರು ಮಾಡುವ ಹಾಗೆ ಪೆಟ್ರೋಲಿನ ಬಾಟಲಿಯನ್ನು ಮೇಲೆ ನೇತುಹಾಕಿ, ಅದಕ್ಕೆ ಪೈಪು ಕೊಟ್ಟು ಓಡಿಸಿದ. ಊಟದ ಹೊತ್ತಿನ ತನಕ ಓಡಿತು, ಒಂದು ಮಿಸ್ಸಿಂಗ್ ಇಲ್ಲ! ಟ್ಯಾಂಕು ಕೂರಿಸಿ ಬೇಬಿಯನ್ನು ಹತ್ತಿಸಿಕೊಂಡು ಹೊರಟರೆ ಮತ್ತದೇ ಶಿರ್ವ, ಅದೇ ಸೋಡಾ ಅಂಗಡಿ. ಮನೆಯಲ್ಲಿ ಸಾಧು, ದಾರಿಯಲ್ಲಿ ಶನಿ. ಇಂಥದ್ದಕ್ಕೆ ಏನು ಮದ್ದು ಮಾಡುವುದು ಹೇಳಿ?

"ಕರುಣಾಕರಣ್ಣ, ಶಿರ್ವದ ಆಚೆ ಹೋಗ್ಲಿಕ್ಕೆ ಈ ಗಾಡಿಗೆ ಪರ್ಮಿಟ್ ಇಲ್ವಾ ಎಂತ?" ಎಂದು ಎಡ್ವಿನ್ ಕಿಚಾಯಿಸಿದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವರ ಮೇಲೆ ರೇಗುವ ಹಾಗಿಲ್ಲವಲ್ಲ, ಮನೆಗೆ ಬಂದು ಸಿಟ್ಟನ್ನೆಲ್ಲ ಬೇಬಿಯ ಮೇಲೆ ಸುರಿದ.

"ನೀನು ಸರಿಯಾಗಿ ನೋಡಿಕೊಂಡಿದ್ರೆ ಹೀಗೆ ಆಗ್ತಿತ್ತಾ? ಇಷ್ಟು ವರ್ಷ ಎಂತ ಮಾಡ್ತಾ ಇದ್ದಿ ಮನೆಯಲ್ಲಿ?"

"ವಾರ ವಾರ ಒರೆಸಿದ್ದೇನೆ, ಮಳೆಗಾಲಕ್ಕೆ ಟರ್ಪಾಲು ಹೊದೆಸಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು ನಿಮ್ಮ ಮಾತು," ಎಂದಳು ಬೇಬಿ. ಆಮೇಲೆ ಎರಡು ದಿನ ಮಾತಿಲ್ಲ.

ಒಕ್ಕಲಿನ ದಿನ ಬೆಳಿಗ್ಗೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಅಂಗಳಕ್ಕೆ ಬಂದು ಹೇಳಿದಳು: "ಇವತ್ತೊಂದು ಸಲ ಕೂತ್ಕೊಳ್ತೇನೆ. ಇವತ್ತು ಊರವರೆದುರು ನನ್ನನ್ನು ಬೈದ್ರೆ, ಇನ್ನು ಈ ಬೈಕಿಗೆ ನನ್ನನ್ನು ಕರೀಬೇಡಿ." ಅವಳು ಹೇಳಿದರೆ ಹೇಳಿದ್ದೇ ಎಂಬುದು ಅವನಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಇಂಜಿನ್ನಿನ ಸದ್ದನ್ನೇ ಕೇಳುತ್ತಾ ಹೋದ.

ಶಿರ್ವ ಬಂತು. ಪಟ್ ಎಂದಿತು. ನಿಂತಿತು.

"ಬನ್ನಿ ಬನ್ನಿ, ನಿಮ್ಮ ಸೋಡಾ ರೆಡಿ ಉಂಟು!" ಎಂದು ಎಡ್ವಿನ್ ಕೂಗಿದ. ಕರುಣಾಕರನಿಗೆ ಅಳುವೇ ಬರುವುದೊಂದು ಬಾಕಿ. ಪೆಟ್ರೋಲೇನಾದರೂ ಮುಗಿಯಿತೋ ಎಂದು ಟ್ಯಾಂಕಿನ ಮುಚ್ಚಳಕ್ಕೆ ಕೀ ತಿರುಗಿಸಿದ. ಮುಚ್ಚಳ ಎತ್ತಿದ್ದೇ ತಡ, ಸುಯ್ ಎಂದು ಟ್ಯಾಂಕು ಹೊರಗಿನ ಗಾಳಿಯನ್ನು ಒಳಗೆಳೆದುಕೊಂಡಿತು. ಹಾಗೇ ಕಿಕ್ ಹೊಡೆದ. ಸ್ಟಾರ್ಟ್!

ಆಗ ಹೊಳೆಯಿತು ನೋಡಿ ಅವನಿಗೆ. ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣದೊಂದು ತೂತು ಇರುತ್ತದೆ. ಅದು ಕಟ್ಟಿದರೆ ಒಳಗೆ ಗಾಳಿ ಇಲ್ಲ, ಗಾಳಿ ಇಲ್ಲದಿದ್ದರೆ ಪೆಟ್ರೋಲು ಕೆಳಗಿಳಿಯುವುದಿಲ್ಲ. ಸೋಡಾ ಕುಡಿಯುವಷ್ಟು ಹೊತ್ತು ನಿಂತರೆ ಹೇಗೋ ಒಂದಿಷ್ಟು ಗಾಳಿ ಒಳಗೆ ನುಸುಳುತ್ತದೆ, ಮತ್ತೆ ಸ್ಟಾರ್ಟ್. ಬಾಟಲಿಗೆ ಮುಚ್ಚಳವೇ ಇರಲಿಲ್ಲ, ಹಾಗಾಗಿ ಮನೆಯಲ್ಲಿ ಎಲ್ಲ ಸರಿ. ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿದರೆ ತೂತಿನ ತುಂಬ ಒಣಗಿ ಕಲ್ಲಾದ ಗಂಧ, ಅದರ ಮೇಲೆ ಕುಂಕುಮ, ಮತ್ತೆ ಗಂಧ. ಕೈಚಾಚಿದ. ಬೇಬಿ ಸೆರಗಿನ ಪಿನ್ನು ತೆಗೆದು ಕೊಟ್ಟಳು. ಅದರಿಂದಲೇ ಕೆರೆದು, ಚುಚ್ಚಿ, ಬಾಯಿಂದ ಊದಿದ. ತೂತು ಬಿಟ್ಟುಕೊಂಡಿತು.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಅವನು ಕರುಣಾಕರನೇ ಅಲ್ಲ.

"ಸಿಕ್ಕಿತು! ಎಡ್ವಿನ್, ಇಲ್ಲಿ ನೋಡು ಮಾರಾಯ, ಇವಳ ಕೆಲಸ! ಆಯುಧ ಪೂಜೆ ಅಂತ ವರ್ಷ ವರ್ಷ ಗಂಧ ಮೆತ್ತಿ ಮೆತ್ತಿ ಬೈಕಿನ ಉಸಿರೇ ಕಟ್ಟಿಸಿದ್ದಾಳೆ. ಸ್ವಲ್ಪ ಆದ್ರೂ ಬುದ್ಧಿ ಬೇಡ್ವಾ?"

ಅಂಗಡಿ ತುಂಬ ನಗು. ಬೇಬಿಯ ಮುಖ ಕೆಂಪಾಯಿತು.

"ಮುಚ್ಚಳಕ್ಕೆ ಹಚ್ಚು ಅಂತ ಹೇಳಿದ್ದು ಯಾರು?" ಎಂದಳು. "ಮಸ್ಕತ್ತಿನಿಂದ ವಿಡಿಯೋ ಕಾಲ್ ಮಾಡಿ, ಹ್ಯಾಂಡಲಿಗೆ ಹಚ್ಚಿದ್ದು ಕಾಣೋದಿಲ್ಲ, ಮುಚ್ಚಳದ ಮೇಲೆ ದಪ್ಪಕ್ಕೆ ಹಚ್ಚು, ಫೋನು ಹತ್ತಿರ ಹಿಡಿ ಅಂದದ್ದು ಯಾರು? ಟಯರು ತೋರಿಸು ಅಂದ್ರಿ, ತೋರಿಸಿದೆ. ಚೈನು ತೋರಿಸು ಅಂದ್ರಿ, ಬಗ್ಗಿ ತೋರಿಸಿದೆ. ಹಬ್ಬಕ್ಕೆ ನಾನೂ ಹೊಸ ಸೀರೆ ಉಟ್ಕೊಂಡು ನಿಲ್ತಿದ್ದೆ. ಫೋನು ನಿನ್ನ ಕಡೆ ತಿರುಗಿಸು, ನಿನ್ನನ್ನೊಮ್ಮೆ ನೋಡ್ತೇನೆ ಅಂತ ಒಂದು ವರ್ಷ ಆದ್ರೂ ಹೇಳಿದ್ದುಂಟಾ ನೀವು?"

ನಗು ನಿಂತಿತು. ಎಡ್ವಿನ್ ಗ್ಲಾಸು ತೊಳೆಯತೊಡಗಿದ. ಕರುಣಾಕರ ನೆನಪು ಮಾಡಿಕೊಂಡು ನೋಡಿದ. ಆ ಫೋನಿನ ಚಿತ್ರಗಳಲ್ಲಿ ಟ್ಯಾಂಕು ನೆನಪಿತ್ತು, ಮಡ್‌ಗಾರ್ಡು ನೆನಪಿತ್ತು. ಅವಳ ಸೀರೆಯ ಬಣ್ಣ ಒಂದೂ ನೆನಪಾಗಲಿಲ್ಲ. ತಪ್ಪಾಯಿತು ಅನ್ನಬೇಕಿತ್ತು. ಅಭ್ಯಾಸವಿಲ್ಲದ ನಾಲಿಗೆ ಬೇರೆಯದೇ ಹೇಳಿತು.

"ಆಯ್ತು ಮಾರಾಯ್ತಿ, ಈಗ ರಿಪೇರಿ ಆಯ್ತಲ್ವಾ. ಕೂತ್ಕೋ, ಮುಹೂರ್ತಕ್ಕೆ ಹೊತ್ತಾಗ್ತದೆ."

ಬೇಬಿ ಪಿನ್ನು ಇಸಿದುಕೊಂಡು ಸೆರಗಿಗೆ ಚುಚ್ಚಿಕೊಂಡಳು. ಅಷ್ಟರಲ್ಲಿ ಕಾರ್ಕಳದ ಬಸ್ಸು ಬಂತು. ಕೈ ಅಡ್ಡ ಹಿಡಿದಳು, ಹತ್ತಿದಳು, ಕಂಡಕ್ಟರ್ ಸೀಟಿ ಊದಿದ.

ಕರುಣಾಕರ ಬಸ್ಸಿನ ಹಿಂದೆಯೇ ಬೈಕು ಬಿಟ್ಟ. ಬೆಳ್ಮಣ್ ದಾಟಿತು, ನಿಟ್ಟೆ ದಾಟಿತು. ಇಂಜಿನ್ನು ಹೊಸತರಲ್ಲಿ ಹೇಗಿತ್ತೋ ಹಾಗೆಯೇ ಓಡಿತು, ಏರಿನಲ್ಲೂ ಒಂದು ಪಟ್ ಇಲ್ಲ. ಅವನಿಗೆ ಅದರ ಮೇಲೂ ಸಿಟ್ಟು ಬಂತು. ಕೆಟ್ಟು ನಿಂತಿದ್ದರೆ ಬೈಯಲಿಕ್ಕಾದರೂ ಏನಾದರೊಂದು ಇರುತ್ತಿತ್ತು.

ಪ್ರತೀಕನ ಮನೆ ರಸ್ತೆ ಬದಿಯಲ್ಲೇ. ಬೇಬಿ ಬಸ್ಸಿಳಿದು, ತಿರುಗಿಯೂ ನೋಡದೆ ಚಪ್ಪರದೊಳಗೆ ಹೋದಳು. ಬಾಗಿಲಲ್ಲಿ ನಿಂತಿದ್ದ ಪ್ರತೀಕ ಅಕ್ಕನನ್ನು ನೋಡಿದ, ಹಿಂದೆಯೇ ಬಂದು ನಿಂತ ಬೈಕನ್ನೂ ನೋಡಿದ.

"ಎಂತ ಬಾವ, ಅಕ್ಕ ಬಸ್ಸಲ್ಲಿ ಬಂದ್ಳು? ಬೈಕು ಇನ್ನೂ ಸರಿಯಾಗ್ಲಿಲ್ವಾ?"

"ಬೈಕು ಸರಿ ಉಂಟು," ಎಂದ ಕರುಣಾಕರ.