ಮೂರನೇ ಹೊಲಿಗೆ

ಶರ್ಟಿನ ಗುಂಡಿ ತೂರುವ ಪುಟ್ಟ ತೂತಿನ ಸುತ್ತ ದಾರ ಕಟ್ಟುತ್ತಾರಲ್ಲ, ಅದಕ್ಕೆ ಕಾಜಾ ಅಂತಾರೆ. ಇಪ್ಪತ್ತೆಂಟು ವರ್ಷ ಅದೇ ಕೆಲಸ ಮಾಡಿ ಮಾಡಿ ಅವಳ ಹೆಸರು ಎಲ್ಲೋ ಹೋಯಿತು, ಕಾಜಕ್ಕ ಅನ್ನೋದು ಉಳಿಯಿತು. ಗಂಡ ಟೈಲರ್. ಅವನು ಮಿಷನ್ ಮುಂದೆ, ಇವಳು ಅವನ ಬೆನ್ನ ಹಿಂದಿನ ಸ್ಟೂಲಿನ ಮೇಲೆ. ಮೂರು ಜನ ಒಳಗೆ ಬಂದರೆ ನಾಲ್ಕನೆಯವನು ಬೀದಿಯಲ್ಲೇ ನಿಲ್ಲಬೇಕು, ಅಷ್ಟೇ ಅಗಲದ ಅಂಗಡಿ.

ಟೈಲರಿಗೆ ಒಂದು ಹಟವಿತ್ತು. ಪ್ಯಾಂಟಿನ ಸೊಂಟದ ಹಿಂಭಾಗದಲ್ಲಿ, ಒಳಗಡೆ, ಎರಡು ಬೆರಳಗಲ ಬಟ್ಟೆ ಮಾರ್ಜಿನ್ ಬಿಡಲೇಬೇಕು. "ಮನುಷ್ಯ ಇವತ್ತು ಇದ್ದ ಹಾಗೆ ನಾಳೆ ಇರ್ತಾನೇನೇ? ದಪ್ಪ ಆದ್ರೆ ಬಿಚ್ಚಿಕೊಡೋಕೆ ಬಟ್ಟೆ ಬೇಡ್ವಾ? ಅದನ್ನ ಕತ್ತರಿಸೋನು ಟೈಲರ್ ಅಲ್ಲ, ಕಟುಕ," ಅನ್ನುತ್ತಿದ್ದ.

ಐವತ್ತಾರನೇ ವಯಸ್ಸಿಗೆ ಅವನಿಗೆ ಶುಗರ್ ಬಂತು. ಅವರ ಮನೆತನದಲ್ಲಿ ಯಾರಿಗೂ ಇರಲಿಲ್ಲ. ಮಾತ್ರೆ ನುಂಗಿದ, ಸಿಹಿ ಬಿಟ್ಟ, ಮೈ ಇಳಿಯಿತು. ಅದಕ್ಕೇ ಖುಷಿ ಅವನಿಗೆ. "ನೋಡೇ, ಹುಡುಗನ ಥರ ಆಗಿದೀನಿ."

"ಹೌದೌದು, ಹೆಣ್ಣು ನೋಡ್ಲಾ?" ಅಂದಳು ಕಾಜಕ್ಕ. ಇಬ್ಬರೂ ನಕ್ಕರು. ಆ ನಗು ನೆನೆಸಿಕೊಂಡರೆ ಈಗ ಅವಳಿಗೆ ತನ್ನ ಬಾಯಿಗೇ ಹೊಡೆದುಕೊಳ್ಳೋಣ ಅನಿಸುತ್ತದೆ.

ಬೇರೆ ಯಾರ ಮನೆಯಾಗಿದ್ದರೂ ಪ್ಯಾಂಟು ಜಾರುತ್ತಿತ್ತು, ಶರ್ಟು ಜೋಲುತ್ತಿತ್ತು, ಕಂಡವರೆಲ್ಲ "ಏನಯ್ಯಾ, ಹಿಂಗಾಗಿದೀಯ?" ಅಂತ ಕೇಳುತ್ತಿದ್ದರು. ಇವನು ಟೈಲರ್ ಅಲ್ಲವಾ, ಮಹಾರಾಯ! ಅವಳು ಅಡುಗೆ ಮಾಡೋಕೆ ಮನೆಗೆ ಹೋದಾಗ ತನ್ನ ಬಟ್ಟೆ ತಾನೇ ಬಿಚ್ಚಿ, ಚಿಕ್ಕದು ಮಾಡಿ ಹೊಲಿದುಕೊಂಡ. ಯಾವತ್ತು ನೋಡಿದರೂ ಅಚ್ಚುಕಟ್ಟು. ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಬೀದಿಯವರ ಸೊಂಟದ ಅಳತೆಯೆಲ್ಲ ಬಾಯಿಪಾಠ ಇದ್ದವಳಿಗೆ ಗಂಡನ ಸೊಂಟ ಗೊತ್ತಾಗಲಿಲ್ಲ.

ಆಮೇಲೆ ನೋವು. ಮೇಲ್ಹೊಟ್ಟೆಯಲ್ಲಿ ಹುಟ್ಟಿ ನೇರ ಬೆನ್ನಿಗೆ ಹೋಗುತ್ತಿತ್ತು. ಮಲಗಿದರೆ ಜಾಸ್ತಿ, ಮುಂದಕ್ಕೆ ಬಗ್ಗಿದರೆ ಹಿತ. ಮಿಷನ್ ಮುಂದೆ ಬಗ್ಗಿ ಕೂರುವುದೇ ಸುಖವಾಗಿ, ಹಬ್ಬಹುಣ್ಣಿಮೆ ನೋಡದೆ ಕೂತ. ಗಂಡ ವಯಸ್ಸಾದ ಮೇಲೆ ಚುರುಕಾದ ಅಂದುಕೊಂಡಳು ಕಾಜಕ್ಕ. ಟೈಲರಿಗೆ ಬೆನ್ನು ನೋಯದೆ ಇನ್ಯಾರಿಗೆ ನೋಯುತ್ತೆ ಅಂತ ಮುಲಾಮು ತಿಕ್ಕಿದಳು. ಎರಡು ತುತ್ತಿಗೇ ಸಾಕು ಅಂದರೆ, "ನನ್ನ ಅಡುಗೆ ಬೇಜಾರಾಯ್ತಾ?" ಅಂತ ಮುನಿಸಿಕೊಂಡಳು. ಮೈಯೆಲ್ಲ ಕೆರೆತ ಅಂದರೆ, ಹೊಸ ಬಟ್ಟೆಯ ಗಂಜಿ ಅಂದಳು.

ಒಂದು ಬೆಳಿಗ್ಗೆ ಅವನು ಸೂಜಿಗೆ ದಾರ ಪೋಣಿಸೋಕೆ ಬಾಗಿಲ ಬೆಳಕಿಗೆ ತಿರುಗಿದ. ಹೆಗಲ ಮೇಲೆ ಬಿಳಿ ಬಟ್ಟೆ. ಅದರ ಪಕ್ಕ ಅವನ ಕಣ್ಣಿನ ಬಿಳಿ ಹಳದಿಯಾಗಿತ್ತು. "ಅಯ್ಯೋ, ನಿಮ್ಮ ಕಣ್ಣು!" ಅಂದಳು. ಅವತ್ತೇ ಆಸ್ಪತ್ರೆ, ಸ್ಕ್ಯಾನು. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಅಂದರು ಡಾಕ್ಟರು. ಹೊಟ್ಟೆಯ ಹಿಂದೆ, ಬೆನ್ನಿಗೆ ಆತುಕೊಂಡು ಅಂಥದ್ದೊಂದು ಅಂಗವಿದೆ ಅಂತ ಅವಳಿಗೆ ಗೊತ್ತಾಗಿದ್ದೇ ಆಗ. ಲಿವರಿಗೂ ಹಬ್ಬಿತ್ತು, ಕೈ ಮೀರಿತ್ತು. ನಾಲ್ಕೇ ತಿಂಗಳು.

ಅವನು ಹೋದ ಮೇಲೆ ಅವನ ಬಟ್ಟೆ ಯಾರಿಗಾದರೂ ಕೊಡೋಣ ಅಂತ ಬೀರು ತೆಗೆದಳು. ಸ್ಕ್ಯಾನಿಗೆ ಹೋದ ದಿನ ಹಾಕಿದ್ದ ಬೂದು ಪ್ಯಾಂಟು ಮೇಲೇ ಇತ್ತು. ಸೊಂಟ ದೊಡ್ಡದು ಮಾಡೋಣ ಅಂತ ಒಳಗೆ ತಿರುಗಿಸಿದಳು. ಸೊಂಟಪಟ್ಟಿಯ ತುದಿಯಲ್ಲಿ ಒಂದರ ಪಕ್ಕ ಒಂದು ಹೊಲಿಗೆ. ಮೊದಲನೆಯದು ಹಳೇದು, ಎರಡನೆಯದು ಅದಕ್ಕಿಂತ ಒಳಗೆ, ಮೂರನೆಯದು ಇನ್ನೂ ಒಳಗೆ. ಪಟ್ಟಿಯಿಂದ ಕೆಳಗೆ ಆ ಮೂರನೇ ಹೊಲಿಗೆಯ ಆಚೆ ಬಟ್ಟೆಯೇ ಇರಲಿಲ್ಲ. ಮಾರ್ಜಿನ್ ಕತ್ತರಿಸಿದ್ದ.

ಡಾಕ್ಟರು ಹೇಳೋಕೆ ಮುಂಚೆಯೇ ಕತ್ತರಿಸಿದ್ದ. ಇನ್ನು ಬಿಚ್ಚುವ ಕೆಲಸ ಇಲ್ಲ ಅಂತ ಅವನಿಗೆ ಗೊತ್ತಾಗಿಹೋಗಿತ್ತು. "ಗೊತ್ತಿದ್ದೂ ಬಾಯಿ ಬಿಡ್ಲಿಲ್ವಲ್ರೀ! ನಿಮ್ಮ ಹಿಂದೇನೇ ಕೂತಿದ್ನಲ್ರೀ!" ಅಂತ ಆ ಪ್ಯಾಂಟನ್ನೇ ಬೈದಳು, ಅತ್ತಳು, ಮತ್ತೆ ಬೈದಳು. ಅದನ್ನು ಯಾರಿಗೂ ಕೊಡಲಿಲ್ಲ.

ಅಂಗಡಿ ಮುಚ್ಚಲಿಲ್ಲ. ಹೊಸದು ಹೊಲಿಯೋಕೆ ಬರದಿದ್ದರೂ ಆಲ್ಟ್ರೇಷನ್ ಬರುತ್ತಿತ್ತು. ಒಂದು ದಿನ ಆ ಬೀದಿಯ ಪೋಸ್ಟ್‌ಮ್ಯಾನ್ ಖಾಕಿ ಪ್ಯಾಂಟು ತಂದ. "ಸೊಂಟ ಚಿಕ್ಕದು ಮಾಡಿ ಅಕ್ಕಾ. ಹೋದ ತಿಂಗಳು ಮಾಡಿದ್ರಲ್ಲ, ಮತ್ತೆ ಜಾರ್ತಾ ಇದೆ."

ಅವಳ ಕೈ ನಿಂತಿತು. "ಊಟ ಸೇರುತ್ತಾ?"

"ಅಷ್ಟಕ್ಕಷ್ಟೇ."

"ಬೆನ್ನು?"

"ಚೀಲ ಹೊರೋ ಬೆನ್ನು, ನೋಯಲ್ವಾ?"

"ಶುಗರ್ ಏನಾದ್ರೂ ಹೊಸದಾಗಿ ಬಂತಾ?"

ಅವನು ಹೆಗಲ ಚೀಲದ ಪಟ್ಟಿ ಸರಿ ಮಾಡಿಕೊಂಡ. ಬಂದಿತ್ತು. ಕಾಜಕ್ಕ ಪ್ಯಾಂಟು ಮಡಚಿ ತನ್ನ ಸ್ಟೂಲಿನ ಮೇಲೆ ಹಾಕಿ ಅದರ ಮೇಲೆ ಕೂತುಬಿಟ್ಟಳು. "ಹೊಲಿಯಲ್ಲ. ಹೊಟ್ಟೆ ಸ್ಕ್ಯಾನ್ ಮಾಡಿಸ್ಕೊಂಡು ಬಾ, ಆಮೇಲೆ ಪ್ಯಾಂಟು."

"ಹೊಲಿಸೋಕೆ ಬಂದೆ, ಶಾಪ ಹಾಕಿಸ್ಕೊಳ್ಳೋಕಲ್ಲ!"

"ಏನೂ ಇಲ್ಲ ಅಂತ ಬಂದ್ರೆ ಬೀದಿಯಲ್ಲಿ ನಿಂತು ಬೈ, ಕೇಳ್ತೀನಿ. ಈಗ ಹೋಗು."

ಅವನು ಮನೆಮನೆಗೂ ಕಾಗದದ ಜೊತೆ ಸುದ್ದಿಯನ್ನೂ ಹಂಚಿದ: ಗಂಡ ಸತ್ತ ಮೇಲೆ ಕಾಜಕ್ಕನಿಗೆ ತಲೆ ಕೆಟ್ಟಿದೆ. ಗಿರಾಕಿಗಳು ಕಮ್ಮಿಯಾದರು. ಇರಲಿ, ತಾನು ತಲೆ ಕೆಟ್ಟವಳಾಗಿಯೇ ಉಳಿಯಲಿ, ದೇವರೇ, ಅವನಿಗೆ ಏನೂ ಇಲ್ಲದೆ ಇರಲಿ ಅಂತ ಬೇಡಿಕೊಂಡಳು.

ಮೂರು ವಾರಕ್ಕೆ ಪೋಸ್ಟ್‌ಮ್ಯಾನನ ಹೆಂಡತಿ ಬಂದಳು. ಮುಖ ನೋಡಿದ ಕೂಡಲೇ ಕಾಜಕ್ಕನಿಗೆ ತಿಳಿಯಿತು. ತನ್ನ ಸ್ಟೂಲು ಬಿಟ್ಟುಕೊಟ್ಟಳು.

"ನಾನೇ ಹಟ ಹಿಡಿದು ಸ್ಕ್ಯಾನ್ ಮಾಡಿಸ್ದೆ. ಅದೇ ಅಕ್ಕಾ. ಇನ್ನೂ ಹಬ್ಬಿಲ್ವಂತೆ. ಆಪರೇಷನ್ ಮಾಡಬಹುದು, ಆದ್ರೆ ಮಾತು ಕೊಡೋಕಾಗಲ್ಲ ಅಂದ್ರು." ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನಾನೇನು ಮಾಡ್ಲಿ?"

"ಸ್ವಲ್ಪ ಸ್ವಲ್ಪವಾಗಿ ಉಣ್ಣಿಸು. ನೋವು ಅಂದ್ರೆ ತಡ್ಕೋ ಅನ್ಬೇಡ, ಡಾಕ್ಟರಿಗೆ ಹೇಳು. ಉಣ್ಣಲಿಲ್ಲ ಅಂತ ಮುನಿಸ್ಕೋಬೇಡ, ನಾನು ಮಾಡಿದ ತಪ್ಪು ಅದು. ಅಳು ಬಂದ್ರೆ ಇಲ್ಲಿಗೆ ಬಾ, ಅವನ ಮುಂದೆ ಅಳೋಕೆ ಭಯ ಆಗುತ್ತಲ್ಲ."

ಅವಳು ಅಲ್ಲೇ ಅತ್ತಳು. ಕಾಜಕ್ಕ ತಡೆಯಲಿಲ್ಲ. ಗಂಡನ ಮಿಷನ್ ಮುಂದೆ ಕೂತು ಖಾಕಿ ಪ್ಯಾಂಟಿನ ಸೊಂಟ ಚಿಕ್ಕದು ಮಾಡಿದಳು. ಒಳಗೆ ನಾಲ್ಕು ಬೆರಳಗಲ ಬಟ್ಟೆ ಉಳಿಯಿತು.

ಪೋಸ್ಟ್‌ಮ್ಯಾನನ ಹೆಂಡತಿ ಅದನ್ನು ಮುಟ್ಟಿ ನೋಡಿದಳು. "ಇಷ್ಟು ದಪ್ಪ ಬೆನ್ನಿಗೆ ಒತ್ತಲ್ವಾ ಅಕ್ಕಾ? ಕತ್ತರಿಸಿಬಿಡಿ."

"ಒತ್ತಲಿ," ಅಂದಳು ಕಾಜಕ್ಕ, ಕತ್ತರಿಯನ್ನು ಡ್ರಾಯರಿಗೆ ಹಾಕಿ. "ಕತ್ತರಿಸಲ್ಲ."